ಓರಗೆಯವನು ಬಾಗಿಲು ತೆರೆಯುತ್ತಾನೆ, ಒಳಗೆ ಯಾರಿದ್ದಾರೆ?

ಅಮೆರಿಕದಲ್ಲಿ ಮಾಜಿ ಸೈನಿಕರ ಆಸ್ಪತ್ರೆಗೆ ಮಂಡಿನೋವು ತೋರಿಸಲು ಹೋದವನ ಮುಂದೆಯೂ ಒಂದಲ್ಲ ಒಂದು ದಿನ ಪಿಟಿಎಸ್‌ಡಿ ತಪಾಸಣೆಯ ಪುಟ್ಟ ಹಾಳೆಯೊಂದು ಬರುತ್ತದೆ. ಆಘಾತ ಕಳೆದ ಮೇಲೂ ಮನಸ್ಸನ್ನು ಬಿಡದೆ ಕಾಡುವ ಒತ್ತಡದ ಕಾಯಿಲೆಗೆ ವೈದ್ಯರು ಇಟ್ಟ ಹೆಸರು ಅದು. ಹಾಳೆಯ ಮೇಲ್ತುದಿಯಲ್ಲಿ ಒಂದು ಪಟ್ಟಿ: ಭೀಕರ ಅಪಘಾತ ಅಥವಾ ಬೆಂಕಿ, ಹಲ್ಲೆ ಅಥವಾ ಲೈಂಗಿಕ ದೌರ್ಜನ್ಯ, ಭೂಕಂಪ ಅಥವಾ ಪ್ರವಾಹ, ಯುದ್ಧ, ಕಣ್ಣೆದುರೇ ಯಾರಾದರೂ ಸತ್ತದ್ದು, ಆಪ್ತರ ಕೊಲೆ ಅಥವಾ ಆತ್ಮಹತ್ಯೆ. ಇಂಥದ್ದೇನಾದರೂ ನಿಮಗೆ ಆಗಿದೆಯೇ? ಇಲ್ಲ ಎಂದರೆ ಅಲ್ಲಿಗೆ ಮುಗಿಯಿತು, ಅಂಕ ಸೊನ್ನೆ. ಹೌದು ಎಂದರೆ ಮುಂದೆ ಐದು ಪ್ರಶ್ನೆಗಳು: ಕೆಟ್ಟ ಕನಸು ಬೀಳುತ್ತದೆಯೇ, ಆ ನೆನಪಿನಿಂದ ತಪ್ಪಿಸಿಕೊಂಡು ಓಡಾಡುತ್ತೀರಾ, ಸಣ್ಣ ಸದ್ದಿಗೂ ಬೆಚ್ಚುತ್ತೀರಾ, ಜನರಿಂದ ದೂರವಾದಂತೆ ಅನಿಸುತ್ತದೆಯೇ, ನಡೆದದ್ದಕ್ಕೆ ನಿಮ್ಮನ್ನೋ ಇನ್ನೊಬ್ಬರನ್ನೋ ದೂಷಿಸುತ್ತಲೇ ಇದ್ದೀರಾ?

ಕೆಲಸಕ್ಕೆ ಬರುವ ಹಾಳೆಯೇ ಅದು. ಆದರೆ ವಿಯೆಟ್ನಾಂ ಯುದ್ಧದ ಕಾಲದಲ್ಲಿ ತರಬೇತಿ ಶಿಬಿರ ಸೇರಿದ ಜಪಾನಿ ಅಥವಾ ಚೀನೀ ಮೂಲದ ಅಮೆರಿಕನ್ ಹುಡುಗನೊಬ್ಬನ ಕಡೆಯಿಂದ ನೋಡೋಣ. ಕವಾಯತು ಮಾಡಿಸುವ ಸಾರ್ಜೆಂಟ್ ಅವನನ್ನು ಸಾಲಿನಿಂದ ಹೊರಗೆ ಕರೆದು, ತುಕಡಿಯ ಮುಂದೆ ನಿಲ್ಲಿಸಿ, ‘ಶತ್ರು ನೋಡಲು ಹೀಗಿರುತ್ತಾನೆ, ಚೆನ್ನಾಗಿ ನೋಡಿಕೊಳ್ಳಿ’ ಎನ್ನುತ್ತಿದ್ದ. ಆ ಕಾಲದ ಏಷ್ಯನ್ ಮೂಲದ ಸೈನಿಕರು ಮತ್ತೆ ಮತ್ತೆ ಹೇಳಿಕೊಂಡಿರುವ ಅನುಭವವಿದು. ಆಮೇಲೆ ಅದೇ ತುಕಡಿಯ ಬಂದೂಕುಗಳ ನಡುವೆ ಅವನು ರಾತ್ರಿ ಮಲಗಬೇಕು, ಕತ್ತಲಲ್ಲಿ ಗಸ್ತು ತಿರುಗಬೇಕು. ಎದುರಿನವನ ಗುಂಡಿನಷ್ಟೇ ಹೆದರಿಕೆ ಬೆನ್ನ ಹಿಂದಿನವನ ಗುಂಡಿನದು. ಹಾಳೆಯಲ್ಲಿ ಇದಕ್ಕೆ ಯಾವ ಗೆರೆ? ಮನಶ್ಶಾಸ್ತ್ರಜ್ಞೆ ಚಾಲ್ಸಾ ಲೂ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನ ಈ ಸಂಕಟವನ್ನೇ ಅಳೆಯಲು ಹೊರಟಿತು. ಏಷ್ಯಾ ಮತ್ತು ಪೆಸಿಫಿಕ್ ದ್ವೀಪಗಳ ಮೂಲದ ವಿಯೆಟ್ನಾಂ ಯೋಧರಲ್ಲಿ, ಯುದ್ಧ ಕಂಡ ಪ್ರಮಾಣ ಮತ್ತು ಸೇನಾ ದರ್ಜೆ ಇವೆರಡನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ, ಜನಾಂಗದ ಕಾರಣಕ್ಕೆ ಉಂಡ ನೋವು ಪಿಟಿಎಸ್‌ಡಿಯ ತೀವ್ರತೆಯನ್ನು ಬೇರೆಯಾಗಿಯೇ ವಿವರಿಸುತ್ತಿತ್ತು.

ಇಲ್ಲಿ ‘ಅಲ್ಪಸಂಖ್ಯಾತ’ ಎಂಬ ಪದದ ಬಗ್ಗೆ ಒಂದು ಮಾತು. ನಮ್ಮಲ್ಲಿ ಆ ಪದ ಕಿವಿಗೆ ಬಿದ್ದೊಡನೆ ಧರ್ಮ ನೆನಪಾಗುತ್ತದೆ. ಅಮೆರಿಕದ ಮಾಜಿ ಸೈನಿಕರ ವ್ಯವಹಾರಗಳ ಇಲಾಖೆಯ, ಅಂದರೆ ವಿಎಯ ಲೆಕ್ಕದಲ್ಲಿ ಅದು ಜನಾಂಗದ ಮಾತು: ಕಪ್ಪು ಜನರು, ಹಿಸ್ಪಾನಿಕರು (ಸ್ಪ್ಯಾನಿಷ್ ಆಡುವ ನಾಡುಗಳ ಮೂಲದವರು), ಏಷ್ಯನ್ನರು, ಅಮೆರಿಕದ ಮೂಲನಿವಾಸಿಗಳು, ಪೆಸಿಫಿಕ್ ದ್ವೀಪದವರು. ಇವರಿಗಾಗಿ ಇಲಾಖೆಯಲ್ಲಿ ಪ್ರತ್ಯೇಕ ಕೇಂದ್ರವೊಂದು 1994ರ ಕಾನೂನಿನಿಂದ ಹುಟ್ಟಿತು. ಮಹಿಳಾ ಮಾಜಿ ಸೈನಿಕರ ಕೇಂದ್ರ ಹುಟ್ಟಿದ್ದೂ ಅದೇ ಕಾನೂನಿನಿಂದ.

ಹಾಳೆಗೆ ಹೇಳಲಾಗದ್ದನ್ನು ಯಾರಿಗೆ ಹೇಳುವುದು? ಎರಡು ದಶಕಗಳಿಂದ ವಿಎ ಕೊಡುತ್ತಿರುವ ಉತ್ತರಗಳಲ್ಲಿ ಒಂದು ‘ಪೀರ್ ಸಪೋರ್ಟ್’. ನಮ್ಮ ಮಾತಿನಲ್ಲಿ ಓರಗೆಯವರ ಆಸರೆ. ತಾನೂ ಸೇನೆಯಲ್ಲಿದ್ದು, ತಾನೂ ಮನೋರೋಗಕ್ಕೋ ಕುಡಿತಕ್ಕೋ ಸಿಕ್ಕಿ ಚೇತರಿಸಿಕೊಂಡ ಒಬ್ಬನಿಗೆ ತರಬೇತಿ ಮತ್ತು ಪ್ರಮಾಣಪತ್ರ ಕೊಟ್ಟು, ಸಂಬಳಕ್ಕೆ ನೇಮಿಸಿಕೊಂಡು, ವೈದ್ಯರ ತಂಡದ ಜೊತೆ ಕೂರಿಸುವುದು. ಹುದ್ದೆಯ ಹೆಸರು ಪೀರ್ ಸ್ಪೆಷಲಿಸ್ಟ್. ಬರಾಕ್ ಒಬಾಮ 2012ರ ಆಗಸ್ಟ್ 31ರಂದು ಹೊರಡಿಸಿದ ಆದೇಶವೊಂದರಲ್ಲಿ, 2013ರ ಕೊನೆಯೊಳಗೆ ಇಂಥ 800 ಮಂದಿಯನ್ನು ನೇಮಿಸಬೇಕು ಎಂದಿದ್ದರು. ಇಲಾಖೆ ಆ ಗುರಿ ಮುಟ್ಟಿತು. 2018ರ ಕಾನೂನು ಇವರನ್ನು ಮನೋವೈದ್ಯ ವಿಭಾಗದಿಂದಾಚೆಗೆ, 30 ಆಸ್ಪತ್ರೆಗಳ ಸಾಮಾನ್ಯ ಚಿಕಿತ್ಸಾ ವಿಭಾಗಕ್ಕೂ ಕಳುಹಿಸಿತು. 2022ರ ಕೊನೆಗೆ ಬಂದ ಇನ್ನೊಂದು ಕಾನೂನು ಹಂತಹಂತವಾಗಿ ಎಲ್ಲ ಆಸ್ಪತ್ರೆಗಳಿಗೂ ವಿಸ್ತರಿಸಬೇಕೆಂದಿತು.

ಹಾಗೆಂದು ಇದು ಇಲಾಖೆಯ ತಲೆಯಿಂದ ಹೊಳೆದ ಉಪಾಯವಲ್ಲ. 1970ರ ಸುಮಾರಿಗೆ ನ್ಯೂಯಾರ್ಕ್‌ನಲ್ಲಿ ಯುದ್ಧವಿರೋಧಿಗಳಾಗಿ ಮರಳಿದ ವಿಯೆಟ್ನಾಂ ಯೋಧರು ವಾರಕ್ಕೊಮ್ಮೆ ಸೇರಿ ಮಾತಾಡತೊಡಗಿದರು. ‘ರ‍್ಯಾಪ್ ಗ್ರೂಪ್’ ಎಂದು ಕರೆದುಕೊಂಡ ಆ ಕೂಟಗಳಿಗೆ ರಾಬರ್ಟ್ ಜೇ ಲಿಫ್ಟನ್, ಚೈಮ್ ಶಾಟನ್ ಎಂಬ ಮನೋವೈದ್ಯರೂ ಬಂದು ಕುಳಿತರು. ಸೈನಿಕರು ಸರ್ಕಾರಿ ಆಸ್ಪತ್ರೆಗೆ ಹೋಗದೆ ಹೊರಗೆ ಸೇರಿದ್ದಕ್ಕೆ ಕಾರಣ ಸರಳ: ಆಸ್ಪತ್ರೆಯ ಮೇಲೆ ನಂಬಿಕೆ ಇರಲಿಲ್ಲ. ಈ ಹೊರಗಿನ ಒತ್ತಡದಿಂದಲೇ 1979ರಲ್ಲಿ ಸಂಸತ್ತು ಮಾಜಿ ಸೈನಿಕರ ಆಪ್ತಸಮಾಲೋಚನೆಯ ‘ವೆಟ್ ಸೆಂಟರ್’ಗಳಿಗೆ ಒಪ್ಪಿಗೆ ಕೊಟ್ಟಿತು, 1980ರಲ್ಲಿ ಪಿಟಿಎಸ್‌ಡಿ ಎಂಬ ಹೆಸರು ಮನೋವೈದ್ಯರ ಅಧಿಕೃತ ಕೈಪಿಡಿಗೆ ಸೇರಿತು. ವೆಟ್ ಸೆಂಟರ್‌ಗಳು ಬೇಕೆಂದೇ ಆಸ್ಪತ್ರೆಗಳಿಂದ ದೂರ, ಪೇಟೆಯ ಅಂಗಡಿ ಸಾಲುಗಳಲ್ಲಿ ಬಾಗಿಲು ತೆರೆದವು. ಇಂದಿಗೂ ಅಲ್ಲಿನ ಕಡತ ಬೇರೆ, ಆಸ್ಪತ್ರೆಯ ಕಡತ ಬೇರೆ. ಬಂದವನ ಒಪ್ಪಿಗೆಯಿಲ್ಲದೆ ಒಂದರಿಂದ ಇನ್ನೊಂದಕ್ಕೆ ಹೋಗುವುದಿಲ್ಲ. ದೇಶದಾದ್ಯಂತ ಈಗ ಸುಮಾರು 300 ಕೇಂದ್ರಗಳಿವೆ. ಆಸ್ಪತ್ರೆಯೊಳಗಿನ ಪೀರ್ ಸ್ಪೆಷಲಿಸ್ಟ್‌ನ ಸ್ಥಿತಿ ಇದಕ್ಕೆ ಉಲ್ಟಾ. ಅವನು ಇಲಾಖೆಯ ನೌಕರ. ಮಾತಾಡಿದ್ದನ್ನು ರೋಗಿಯ ದಾಖಲೆಯಲ್ಲಿ ಬರೆಯುವುದು ಅವನ ಕೆಲಸದ ಭಾಗ. ಹೊರಗೆ ಹುಟ್ಟಿದ್ದನ್ನು ಒಳಗೆ ತಂದಾಗ ಏನು ಉಳಿಯಿತು, ಏನು ಸೋರಿತು ಎಂಬುದೇ ನನ್ನ ಪ್ರಶ್ನೆ.

ಬಿಳಿಯರಲ್ಲದ ಸೈನಿಕರಿಗೆ ಈ ಪ್ರಶ್ನೆ ಇನ್ನೂ ಹರಿತ. ವಿಯೆಟ್ನಾಂ ಯೋಧರ ಮೇಲೆ ಸಂಸತ್ತಿನ ಸೂಚನೆಯಂತೆ ನಡೆದ, 1980ರ ದಶಕದ ಕೊನೆಗೆ ಹೊರಬಂದ ದೊಡ್ಡ ರಾಷ್ಟ್ರೀಯ ಸಮೀಕ್ಷೆ ಕಂಡಂತೆ, ಆ ಹೊತ್ತಿನಲ್ಲಿ ಪಿಟಿಎಸ್‌ಡಿಯಿಂದ ಬಳಲುತ್ತಿದ್ದ ಪುರುಷರು ಬಿಳಿಯರು ಮತ್ತು ಇತರರಲ್ಲಿ ಶೇ 13.7, ಕಪ್ಪು ಜನರಲ್ಲಿ ಶೇ 20.6, ಹಿಸ್ಪಾನಿಕರಲ್ಲಿ ಶೇ 27.9. ಕಪ್ಪು ಯೋಧರ ಅಂತರದ ದೊಡ್ಡ ಪಾಲಿಗೆ ಅವರು ಹೆಚ್ಚು ಯುದ್ಧ ಕಂಡದ್ದೇ ಕಾರಣ ಎಂದು ವಿಶ್ಲೇಷಣೆಯಲ್ಲಿ ಹೊರಬಿತ್ತು. ಆದರೆ ಅವರೇ ಏಕೆ ಹೆಚ್ಚು ಯುದ್ಧ ಕಂಡರು? 1966ರಲ್ಲಿ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಮೆಕ್‌ನಮಾರ ಶುರು ಮಾಡಿದ ‘ಪ್ರಾಜೆಕ್ಟ್ 1,00,000’ ಯೋಜನೆ ಪರೀಕ್ಷೆಯಲ್ಲಿ ಕಡಿಮೆ ಅಂಕ ಪಡೆದವರನ್ನು ಸೇನೆಗೆ ಸೇರಿಸಿಕೊಂಡಿತು. ಹಾಗೆ ಬಂದವರಲ್ಲಿ ಸುಮಾರು ಶೇ 40ರಷ್ಟು ಕಪ್ಪು ಹುಡುಗರು. ಅಂಕಿಅಂಶವನ್ನು ‘ಸರಿಹೊಂದಿಸಿ’ ಅಂತರ ಕರಗಿತು ಎನ್ನುವಾಗ, ಕರಗಿಸಿದ್ದು ಯಾವುದನ್ನು ಎಂದೂ ಕೇಳಬೇಕು.

ನಂಬಿಕೆಯ ಕಥೆಗೆ ಬರುವುದಾದರೆ ಅಲಬಾಮಾ ರಾಜ್ಯದ ಟಸ್ಕೀಗಿ ಊರಿಗಿಂತ ಒಳ್ಳೆಯ ಜಾಗ ಸಿಗದು. ಮೊದಲ ಮಹಾಯುದ್ಧದಿಂದ ಮರಳಿದ ಕಪ್ಪು ಸೈನಿಕರಿಗೆಂದು 1923ರಲ್ಲಿ ಸರ್ಕಾರ ಅಲ್ಲಿ ಆಸ್ಪತ್ರೆ ಕಟ್ಟಿತು. ಕಪ್ಪು ರೋಗಿಗಳ ಆಸ್ಪತ್ರೆಯಾದರೂ ವೈದ್ಯರ ಸಂಬಳದ ಹುದ್ದೆಗಳು ಬಿಳಿಯರಿಗೇ ಬೇಕು ಎಂದು ಸ್ಥಳೀಯ ಬಿಳಿಯರು ಹಟ ಹಿಡಿದರು. ಜುಲೈನಲ್ಲಿ ಬಿಳಿಯರೇ ಮೇಲೆನ್ನುವ ಹಿಂಸಾತ್ಮಕ ಸಂಘಟನೆ ಕು ಕ್ಲಕ್ಸ್ ಕ್ಲಾನ್ ಮೆರವಣಿಗೆ ಮಾಡಿ ಬೆದರಿಸಿತು. ಕಪ್ಪು ಸಮುದಾಯ ಜಗ್ಗಲಿಲ್ಲ. 1924ರಲ್ಲಿ ಜೋಸೆಫ್ ವಾರ್ಡ್ ಎಂಬ ಕಪ್ಪು ವೈದ್ಯರು ಆಸ್ಪತ್ರೆಯ ಮುಖ್ಯಸ್ಥರಾದರು, ಸಿಬ್ಬಂದಿಯೂ ಕಪ್ಪು ಜನರೇ ಆದರು. ನಮ್ಮವರ ಮೈ ಮುಟ್ಟುವವರು ನಮ್ಮವರೇ ಆಗಿರಲಿ ಎಂಬ ಹಂಬಲ ಪೀರ್ ಸಪೋರ್ಟ್ ಎಂಬ ಮಾತಿಗಿಂತ ಎಷ್ಟೋ ಹಿಂದಿನದು.

ಅದೇ ಊರಿನ ಇನ್ನೊಂದು ಕಥೆ ಎಲ್ಲರಿಗೂ ಗೊತ್ತಿರುವುದು. 1932ರಿಂದ 1972ರವರೆಗೆ ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆ ಅಲ್ಲಿನ ಬಡ ಕಪ್ಪು ಗಂಡಸರ ಸಿಫಿಲಿಸ್ ರೋಗಕ್ಕೆ ಚಿಕಿತ್ಸೆ ಕೊಡದೆ ಅದು ಹೇಗೆ ಬೆಳೆಯುತ್ತದೆಂದು ನೋಡುತ್ತ ಕುಳಿತಿತು. ರೋಗವಿದ್ದವರು 399, ಹೋಲಿಕೆಗೆಂದು ಇಟ್ಟುಕೊಂಡವರು 201. 1940ರ ದಶಕದ ಕೊನೆಗೆ ಪೆನಿಸಿಲಿನ್ ಎಲ್ಲೆಡೆ ಸಿಗುವಂತಾದಾಗಲೂ ಇವರಿಗೆ ಕೊಡಲಿಲ್ಲ. ಇಷ್ಟು ವರ್ಷ ಆ ಗಂಡಸರು ಬಿಟ್ಟುಹೋಗದಂತೆ ಹಿಡಿದಿಟ್ಟದ್ದು ಯಾರು? ಯೂನಿಸ್ ರಿವರ್ಸ್ ಎಂಬ ಕಪ್ಪು ನರ್ಸ್. ಅವರ ಭಾಷೆ ಆಡುತ್ತಿದ್ದಳು, ಮನೆಮನೆಗೆ ಹೋಗುತ್ತಿದ್ದಳು, ಕಾರಿನಲ್ಲಿ ಕರೆತರುತ್ತಿದ್ದಳು, ಬಿಸಿ ಊಟಕ್ಕೂ ಅಂತ್ಯಸಂಸ್ಕಾರದ ಖರ್ಚಿಗೂ ದಾರಿ ಮಾಡಿಕೊಡುತ್ತಿದ್ದಳು. ಅವಳ ಮೇಲಿದ್ದ ನಂಬಿಕೆ ಸುಳ್ಳಲ್ಲ. ಆ ನಂಬಿಕೆಯನ್ನು ಸಂಸ್ಥೆ ಎಲ್ಲಿಗೆ ಸಾಗಿಸಿತು ಎಂಬುದರಲ್ಲಿ ಮೋಸವಿತ್ತು.

ಪೀರ್ ಸ್ಪೆಷಲಿಸ್ಟ್‌ಗಳನ್ನು ರಿವರ್ಸ್‌ಗೆ ಹೋಲಿಸುವುದು ಅನ್ಯಾಯವಾದೀತು, ಹಾಗೆ ಮಾಡುತ್ತಿಲ್ಲ. ಆದರೆ ಲೆಕ್ಕ ಒಂದೇ. ಓರಗೆಯವನು ಆಸ್ಪತ್ರೆಗೆ ತರುವ ಬಂಡವಾಳ ಅವನ ಪದವಿಯಲ್ಲ, ತನ್ನ ಜನರ ನಡುವೆ ಅವನಿಗಿರುವ ಮರ್ಯಾದೆ. ಆಸ್ಪತ್ರೆ ಅದನ್ನು ಸಾಲವಾಗಿ ಪಡೆಯುತ್ತದೆ. ‘ನಾನಿದ್ದೇನೆ, ಬಾ’ ಎಂದು ಕರೆತಂದವನಿಗೆ ಒಳಗೆ ತಿಂಗಳುಗಟ್ಟಲೆ ಅಪಾಯಿಂಟ್‌ಮೆಂಟ್ ಸಿಗದಿದ್ದರೆ, ಪಿಂಚಣಿಯ ಅರ್ಜಿ ವಜಾ ಆದರೆ, ಮುಳುಗುವುದು ಆಸ್ಪತ್ರೆಯ ಹೆಸರಲ್ಲ, ಕರೆತಂದವನ ಹೆಸರು.

ಅವನು ದಿನವಿಡೀ ಮಾಡುವ ಕೆಲಸವಾದರೂ ಏನು? ಸಲಹೆ ಕೊಡುವುದಕ್ಕಿಂತ ಸಣ್ಣಪುಟ್ಟ ಓಡಾಟವೇ ಹೆಚ್ಚು. ಗುಂಪು ಸಭೆ ನಡೆಸುತ್ತಾನೆ, ಅಪಾಯಿಂಟ್‌ಮೆಂಟ್ ತಪ್ಪಿಸಿದವನಿಗೆ ಫೋನ್ ಮಾಡುತ್ತಾನೆ, ವೈದ್ಯರಿಗೆ ಏನು ಹೇಳಬೇಕೆಂದು ಮೊದಲೇ ಕುಳಿತು ಬರೆದುಕೊಳ್ಳಲು ನೆರವಾಗುತ್ತಾನೆ. ಆ ಕೊನೆಯದು ಕೇಳಲು ಚಿಕ್ಕದು, ಆದರೆ ನನ್ನ ದೃಷ್ಟಿಯಲ್ಲಿ ಅದೇ ಮುಖ್ಯ. ಹದಿನೈದು ನಿಮಿಷದ ಭೇಟಿಯಲ್ಲಿ ‘ನಿದ್ದೆ ಹೇಗಿದೆ?’ ಎಂದರೆ ‘ಪರವಾಗಿಲ್ಲ’ ಎಂದು ಎದ್ದು ಬರುವ ಗಂಡಸು, ಹೊರಗಿನ ಬೆಂಚಿನಲ್ಲಿ ಓರಗೆಯವನ ಮುಂದೆ ‘ನಾನು ಎರಡು ವರ್ಷ ಕಾರಿನಲ್ಲೇ ಮಲಗುತ್ತಿದ್ದೆ’ ಎಂಬ ಮಾತು ಕೇಳಿದ ಮೇಲೆ ತನ್ನದನ್ನು ಬಿಚ್ಚುತ್ತಾನೆ. ಮೊದಲು ತನ್ನ ಗಾಯ ತೋರಿಸುವುದು ವೈದ್ಯರಿಗೆ ನಿಷಿದ್ಧ. ಪೀರ್ ಸ್ಪೆಷಲಿಸ್ಟ್‌ಗೆ ಅದೇ ಉಪಕರಣ. ವಿಎ ಆಸ್ಪತ್ರೆಗಳಲ್ಲಿ ಭಾರತದಲ್ಲಿ ಓದಿದ ವೈದ್ಯರು ಸಾಕಷ್ಟಿದ್ದಾರೆ, ಅವರಲ್ಲಿ ನಮ್ಮ ಕಡೆಯವರೂ ಇರುತ್ತಾರೆ. ಮಿಸಿಸಿಪ್ಪಿಯ ಎಪ್ಪತ್ತೈದರ ಕಪ್ಪು ಮುದುಕ ಅವರ ಮುಂದೆ ಕುಳಿತಾಗ, ಔಷಧದ ಚೀಟಿ ಬರೆಯಲು ಬೇಕಾದ ಇಂಗ್ಲಿಷ್ ಇಬ್ಬರಿಗೂ ಇರುತ್ತದೆ. ಅದರಾಚೆಗಿನ ಮಾತಿಗೆ ಇಬ್ಬರಿಗೂ ಮೂರನೆಯವನೊಬ್ಬ ಬೇಕಾಗುತ್ತಾನೆ.

ಇದರಿಂದ ಪ್ರಯೋಜನವಿದೆಯೇ ಎಂದು ಅಳೆಯಲು ಹೊರಟ ಸಂಶೋಧನೆಗಳ ಫಲಿತಾಂಶ ಮಿಶ್ರ. ಪೀರ್ ಜೊತೆಗಿದ್ದಾಗ ಜನ ಚಿಕಿತ್ಸೆಯಲ್ಲಿ ಉಳಿಯುತ್ತಾರೆ, ತಮ್ಮ ಆರೋಗ್ಯದ ಲಗಾಮು ತಾವೇ ಹಿಡಿಯುವ ಹುಮ್ಮಸ್ಸು ಬರುತ್ತದೆ ಎಂಬುದಕ್ಕೆ ಒಳ್ಳೆಯ ಆಧಾರವಿದೆ. ರೋಗಲಕ್ಷಣ ತಾನಾಗಿಯೇ ಇಳಿಯುತ್ತದೆ ಎಂಬುದಕ್ಕೆ ಅಷ್ಟು ಗಟ್ಟಿ ಪುರಾವೆಯಿಲ್ಲ. ನನಗೆ ಇದರಲ್ಲಿ ನಿರಾಶೆಯೇನೂ ಕಾಣುವುದಿಲ್ಲ. ಬಾಗಿಲವರೆಗೆ ಕರೆತರುವವನನ್ನು ಶಸ್ತ್ರಚಿಕಿತ್ಸೆ ಮಾಡಲಿಲ್ಲವೆಂದು ದೂರುವುದು ತಮಾಷೆಯಾಗುತ್ತದೆ.

ತೊಡಕಿರುವುದು ‘ಓರಗೆ’ ಎಂಬ ಪದದೊಳಗೆ. ಸಮವಸ್ತ್ರ ತೊಟ್ಟವರೆಲ್ಲ ಓರಗೆಯವರು ಎಂದು ಇಲಾಖೆ ಎಣಿಸುತ್ತದೆ. 2011ರಲ್ಲಿ ಅಫ್ಗಾನಿಸ್ತಾನದ ಕಂದಹಾರ್ ಪ್ರಾಂತ್ಯದ ಸೇನಾ ಠಾಣೆಯೊಂದರಲ್ಲಿ ಡ್ಯಾನಿ ಚೆನ್ ಎಂಬ ಚೀನೀ ಮೂಲದ ಹತ್ತೊಂಬತ್ತರ ಸೈನಿಕ, ತನ್ನದೇ ತುಕಡಿಯವರ ಜನಾಂಗೀಯ ಹಿಂಸೆ ತಾಳಲಾರದೆ ಜೀವ ಕಳೆದುಕೊಂಡ. ಹಿಂಸಿಸಿದವರೂ ಅದೇ ಸಮವಸ್ತ್ರದವರೇ. ಮಹಿಳೆಯರ ಮಾತೂ ಹೀಗೆಯೇ: ವಿಎ ಕೇಳಿದಾಗ ಸೇನೆಯಲ್ಲಿದ್ದಾಗ ಲೈಂಗಿಕ ದೌರ್ಜನ್ಯವೋ ಕಿರುಕುಳವೋ ಆಯಿತು ಎನ್ನುವವರು ಸುಮಾರು ಮೂವರಲ್ಲಿ ಒಬ್ಬರು. ಅಂಥವಳನ್ನು ಒಯ್ದು, ಸೇನೆಯ ದಿನಗಳೇ ಬದುಕಿನ ಚಿನ್ನದ ಕಾಲ ಎನ್ನುವ ಗಂಡಸರ ಗುಂಪಿನಲ್ಲಿ ಕೂರಿಸಿದರೆ ಯಾವ ಆಸರೆ? ಸಲಿಂಗಿ ಸೈನಿಕರನ್ನು ಹೊರಹಾಕಲು ನೆಪವಾಗಿದ್ದ ‘ಕೇಳಬೇಡ, ಹೇಳಬೇಡ’ ನೀತಿ 2011ರವರೆಗೂ ಜಾರಿಯಲ್ಲಿತ್ತು. ಬಾಯಿ ಮುಚ್ಚಿಕೊಂಡಿರುವುದನ್ನೇ ಕಲಿಸಿದ ಮನೆಯಲ್ಲಿ ಮಾತಾಡು ಎನ್ನುವವನು ಯಾರೆಂಬುದು ಮುಖ್ಯವಾಗುತ್ತದೆ. ಹಾಗೆಂದು ಕಪ್ಪಿಗೆ ಕಪ್ಪು, ಹೆಣ್ಣಿಗೆ ಹೆಣ್ಣು ಎಂದು ಜೋಡಿ ಕೂಡಿಸುತ್ತ ಹೋದರೆ ಹಳ್ಳಿಗಾಡಿನ ಆಸ್ಪತ್ರೆಯಲ್ಲಿ ಅಷ್ಟು ಜನರನ್ನು ಎಲ್ಲಿಂದ ತರುವುದು? ಯಾರ ಜೊತೆ ಕೂರಬೇಕೆಂದು ಬಂದವನೇ ಹೇಳಲಿ, ಫೋನಿನಲ್ಲೋ ವಿಡಿಯೊದಲ್ಲೋ ದೂರದವನಾದರೂ ಸಿಗಲಿ ಎಂಬುದು ನಡುದಾರಿ. ಕೇಳುವುದಕ್ಕೆ ಖರ್ಚಿಲ್ಲ.

ಮೂಲನಿವಾಸಿಗಳಲ್ಲಿ ಈ ಪ್ರಶ್ನೆಗೆ ಇನ್ನೊಂದು ಬಗೆಯ ಉತ್ತರವಿದೆ. ತಲೆಯೆಣಿಕೆಯಲ್ಲಿ ನೋಡಿದರೆ ಸೇನೆಗೆ ಅತಿ ಹೆಚ್ಚು ಪಾಲು ಕೊಟ್ಟ ಸಮುದಾಯಗಳಲ್ಲಿ ಅವರೂ ಸೇರುತ್ತಾರೆ. ಯುದ್ಧದಿಂದ ಮರಳಿದವನಿಗೆ ಅಂಟಿಕೊಂಡು ಬಂದದ್ದನ್ನು ಕಳೆಯಲು ನವಾಹೋ ಜನರಲ್ಲಿ ‘ಎನಿಮಿ ವೇ’ ಎಂಬ ಹಲವು ದಿನಗಳ ಆಚರಣೆ ಇದೆ. ಅಲ್ಲಿ ರೋಗಿ ಒಬ್ಬನೇ ಅಲ್ಲ, ಬಂಧುಬಳಗವೆಲ್ಲ ಸೇರಬೇಕು; ಗುಣವಾಗುವುದು ಕೋಣೆಯೊಳಗಿನ ಇಬ್ಬರ ಗುಟ್ಟಲ್ಲ. ಕೆಲವು ವಿಎ ಆಸ್ಪತ್ರೆಗಳು ಮೂಲನಿವಾಸಿಗಳ ಬೆವರುಗುಡಿಸಲಿನ, ಅಂದರೆ ಬಿಸಿ ಹಬೆಯಲ್ಲಿ ಕುಳಿತು ಪ್ರಾರ್ಥಿಸುವ ಆಚರಣೆಗೆ ಆವರಣದಲ್ಲೇ ಜಾಗ ಕೊಟ್ಟಿವೆ. ಬುಡಕಟ್ಟಿನವರೇ ಆದ ಮಾಜಿ ಸೈನಿಕರಿಗೆ ತರಬೇತಿ ಕೊಟ್ಟು, ಅರ್ಜಿ ತುಂಬಿಸಲು ಮತ್ತು ಆಸ್ಪತ್ರೆಯ ದಾರಿ ತೋರಿಸಲು ಅವರ ನೆಲೆಗಳಲ್ಲೇ ಬಿಡುವ ಕ್ರಮವೂ ಇದೆ. ಇಷ್ಟಿದ್ದೂ, 2020ಕ್ಕೆ ಹೋಲಿಸಿದರೆ 2021ರಲ್ಲಿ ಮೂಲನಿವಾಸಿ ಮಾಜಿ ಸೈನಿಕರ ಆತ್ಮಹತ್ಯೆಯ ದರ ಶೇ 51.8ರಷ್ಟು ಏರಿತೆಂದು ಇಲಾಖೆಯ ವರದಿಯೇ ಹೇಳಿತು. ಸಣ್ಣ ಜನಸಂಖ್ಯೆಯಲ್ಲಿ ದರ ಒಂದು ವರ್ಷದಿಂದ ಇನ್ನೊಂದಕ್ಕೆ ಜಿಗಿಯುವುದುಂಟು, ನಿಜ. ಆದರೂ ಕಣ್ಣು ಹಾಯಿಸಿ ಮುಂದೆ ಹೋಗುವಂಥ ಸಂಖ್ಯೆಯಲ್ಲ ಅದು. 2022ರಲ್ಲಿ ಒಟ್ಟು 6,407 ಮಾಜಿ ಸೈನಿಕರು ಆತ್ಮಹತ್ಯೆ ಮಾಡಿಕೊಂಡರು.

ಇಷ್ಟು ಭಾರ ಹೊರಿಸಿದ ಹುದ್ದೆಗೆ ಇಲಾಖೆ ಕೊಡುವ ಸ್ಥಾನ ನೋಡಿ. ಅಮೆರಿಕ ಸರ್ಕಾರದ ಸಾಮಾನ್ಯ ವೇತನ ಶ್ರೇಣಿಯಲ್ಲಿ 15 ಮೆಟ್ಟಿಲುಗಳಿವೆ. ಪೀರ್ ಸ್ಪೆಷಲಿಸ್ಟ್‌ಗಳ ಹುದ್ದೆಗಳನ್ನು ರೂಪಿಸಿದ್ದು 5ರಿಂದ 9ರೊಳಗೆ. ಬೇರೆಯವರ ಕೆಟ್ಟ ಕನಸುಗಳನ್ನು ದಿನವೂ ಕೇಳುತ್ತ ತನ್ನದು ಮರುಕಳಿಸದಂತೆ ನೋಡಿಕೊಳ್ಳಬೇಕು, ವೈದ್ಯರ ಸಭೆಯಲ್ಲಿ ‘ಇವನು ರೋಗಿಯೋ ಸಿಬ್ಬಂದಿಯೋ’ ಎಂಬ ನೋಟ ಸಹಿಸಬೇಕು. ಆ ಸಭೆಯಲ್ಲಿ ಅವನೊಬ್ಬನೇ ಕಪ್ಪು ಮನುಷ್ಯನಾಗಿದ್ದರೆ ಜನಾಂಗದ ವಿಷಯ ಬಂದಾಗಲೆಲ್ಲ ಎಲ್ಲರೂ ಅವನತ್ತ ತಿರುಗುತ್ತಾರೆ, ಅದೂ ಸಂಬಳವಿಲ್ಲದ ಹೆಚ್ಚುವರಿ ಕೆಲಸ. ಅಗ್ಗದ ಸಿಬ್ಬಂದಿಯಿಂದ ಮನೋವೈದ್ಯರ ಕೊರತೆ ತುಂಬುವ ಲೆಕ್ಕಾಚಾರವಾದರೆ ಇದು ಮೂಗಿಗೆ ತುಪ್ಪ ಸವರಿದಂತೆಯೇ ಸರಿ.

2025ರಲ್ಲಿ ನೆಲವೇ ಅಲುಗಿತು. ಜನವರಿಯಲ್ಲಿ ವೈವಿಧ್ಯ ಮತ್ತು ಸಮಾನತೆಯ ಕಾರ್ಯಕ್ರಮಗಳನ್ನು ನಿಲ್ಲಿಸಿದ ವಿಎ, ಆ ಕೆಲಸಕ್ಕೇ ಮೀಸಲಾಗಿದ್ದ ಸುಮಾರು 60 ನೌಕರರನ್ನು ರಜೆಯ ಮೇಲೆ ಕಳುಹಿಸಿತು. ಮೊದಲು 80,000 ಹುದ್ದೆ ಕಡಿತದ ಮಾತು ಬಂತು. ಜುಲೈ ಹೊತ್ತಿಗೆ ಅದನ್ನು ಕೈಬಿಟ್ಟು, ನಿವೃತ್ತಿ, ರಾಜೀನಾಮೆಗಳಿಂದಲೇ ಸೆಪ್ಟೆಂಬರ್ ಕೊನೆಯೊಳಗೆ ಸುಮಾರು 30,000 ಮಂದಿ ಕಡಿಮೆಯಾಗುತ್ತಾರೆ ಎಂದಿತು. ಮನೆಯಿಂದ ಕೆಲಸ ಮಾಡುತ್ತಿದ್ದವರು ಕಚೇರಿಗೆ ಮರಳಬೇಕಾದಾಗ, ಗುಟ್ಟಾಗಿ ಮಾತಾಡಲು ಕೋಣೆಯೇ ಇಲ್ಲವೆಂದು ಮನೋಚಿಕಿತ್ಸಕರು ದೂರಿದ ಸುದ್ದಿಗಳೂ ಬಂದವು. ಓರಗೆಯವನ ಆಸರೆ ನಿಂತಿರುವುದೇ ಬಾಗಿಲು ಮುಚ್ಚುವ ಒಂದು ಕೋಣೆಯ ಮೇಲೆ.

ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇಲಾಖೆಯ ಒಳಗೋಡೆ. ಪೀರ್ ಸ್ಪೆಷಲಿಸ್ಟ್ ಇರುವುದು ಆರೋಗ್ಯ ವಿಭಾಗದಲ್ಲಿ. ಅಂಗವೈಕಲ್ಯದ ಭತ್ಯೆ ತೀರ್ಮಾನವಾಗುವುದು ಸವಲತ್ತುಗಳ ವಿಭಾಗದಲ್ಲಿ. ಸೇವೆಯಿಂದ ಬಿಡುಗಡೆಯಾದ ದರ್ಜೆ ಗೌರವಯುತವೋ ಅಲ್ಲವೋ ಎಂಬುದನ್ನು ತಿದ್ದುವ ಅಧಿಕಾರ ಇಲಾಖೆಯಲ್ಲೇ ಇಲ್ಲ, ಅದು ಸೇನೆಯ ಮಂಡಳಿಗಳದು. ಅಲ್ಪಸಂಖ್ಯಾತ ಸೈನಿಕರ ಹಳೆಯ ಗಾಯಗಳಲ್ಲಿ ಎಷ್ಟೋ ಈ ಎರಡು ಬಾಗಿಲುಗಳ ಆಚೆ ಆದವು. ಕಾನೆಟಿಕಟ್‌ನ ಕಾನ್ಲಿ ಮಂಕ್ ವಿಯೆಟ್ನಾಂನಲ್ಲಿ ಮರೀನ್ ಪಡೆಯ ಲಾರಿ ಚಾಲಕರಾಗಿದ್ದ ಕಪ್ಪು ಯೋಧ. ಗೌರವಯುತವಲ್ಲದ ಬಿಡುಗಡೆ ಪತ್ರ ಹಿಡಿದು ಬಂದ ಅವರಿಗೆ ದಶಕಗಳ ಕಾಲ ಸವಲತ್ತುಗಳು ಸಿಗಲಿಲ್ಲ. ಆಮೇಲೆ ಅವರ ಅಂದಿನ ತೊಂದರೆಗಳ ಬೇರು ಪಿಟಿಎಸ್‌ಡಿ ಎಂದು ಒಪ್ಪಿ 2015ರಲ್ಲಿ ದರ್ಜೆ ತಿದ್ದಲಾಯಿತು. 2022ರ ನವೆಂಬರ್‌ನಲ್ಲಿ ಅವರು ಸರ್ಕಾರದ ಮೇಲೆ ಹೂಡಿದ ಮೊಕದ್ದಮೆ ಒಂದು ಲೆಕ್ಕವನ್ನು ಮುಂದಿಟ್ಟಿತು: 2001ರಿಂದ 2020ರವರೆಗೆ ಭತ್ಯೆಯ ಅರ್ಜಿಗಳು ತಿರಸ್ಕಾರವಾದ ಸರಾಸರಿ ಪ್ರಮಾಣ ಕಪ್ಪು ಜನರಲ್ಲಿ ಶೇ 29.5, ಬಿಳಿಯರಲ್ಲಿ ಶೇ 24.2. ಪ್ರಕರಣ ವಜಾ ಮಾಡಿ ಎಂಬ ಸರ್ಕಾರದ ಬೇಡಿಕೆಯನ್ನು 2024ರಲ್ಲಿ ನ್ಯಾಯಾಲಯ ಒಪ್ಪಲಿಲ್ಲ. ಮಂಕ್ ಮತ್ತು ಅವರ ಸೋದರ ಇಂಥದ್ದೇ ಪತ್ರ ಹಿಡಿದು ಅಲೆಯುವ ಇತರರಿಗೆ ನೆರವಾಗಲು ತಮ್ಮದೇ ಸಂಘಟನೆ ನಡೆಸುತ್ತಾರೆ. ಆಸ್ಪತ್ರೆಯ ಹೊರಗೆ, 1970ರ ಆ ಕೂಟಗಳ ಹಾಗೆ.

ಆ ಬಿಡುಗಡೆ ಪತ್ರದ ಹೆಸರು ಡಿಡಿ 214. ಅದರ ಒಂದು ಚೌಕದಲ್ಲಿ ಸೇವೆಯ ಗುಣ ಹೇಗಿತ್ತೆಂದು ಒಂದೆರಡು ಪದ ಇರುತ್ತದೆ. ಹದಿನೈದು ವರ್ಷಕ್ಕಿಂತ ಹಳೆಯದಾದರೆ ಅದನ್ನು ತಿದ್ದಿಸಲು ಡಿಡಿ 149 ಎಂಬ ಅರ್ಜಿ ಹಾಕಬೇಕು. ತಪ್ಪು ಗೊತ್ತಾದ ಮೂರು ವರ್ಷದೊಳಗೆ ಬರಬೇಕೆಂಬುದು ನಿಯಮ. ಮೀರಿದ್ದರೆ, ತಡವಾಗಿದ್ದರೂ ಮಂಡಳಿ ಇದನ್ನು ಏಕೆ ಪರಿಗಣಿಸಬೇಕೆಂದು ಅರ್ಜಿದಾರನೇ ಬರೆದು ಕೊಡಬೇಕು. ಐವತ್ತು ವರ್ಷ ಆ ಕಾಗದವನ್ನು ಪೆಟ್ಟಿಗೆಯ ತಳದಲ್ಲಿಟ್ಟು, ಹೆಂಡತಿಗೂ ತೋರಿಸದೆ ಬದುಕಿದ ಮನುಷ್ಯ ಆ ಜಾಗದಲ್ಲಿ ಏನು ಬರೆಯಬೇಕು? ಅವನ ಪಕ್ಕದಲ್ಲಿ ಕುಳಿತ ಓರಗೆಯವನಿಗೆ ಉತ್ತರ ಗೊತ್ತಿದೆ. ಅರ್ಜಿಯಲ್ಲಿ ಅದಕ್ಕೆ ಬಿಟ್ಟಿರುವುದು ಕೆಲವೇ ಸಾಲು.